ಕಾಯಿಲೆಗೆ ಸೂತಕವಿಲ್ಲ



ರೇಡಿಯೋ ಮುಂದೆ ಕೈಕಟ್ಟಿ ಕೂತು ಭಾಷಣ ಕೇಳುವ ಕಾಲ ಹೋಗಿ ಬಹಳ ದಿನವಾಯಿತು. ಈಗ ಕೇಳುವವರ ಕೈ ಯಾವುದೋ ಕೆಲಸದಲ್ಲಿರುತ್ತದೆ, ಕಿವಿಯಷ್ಟೇ ನಮ್ಮ ಪಾಲಿಗೆ. ಹಾಗೆ ಕೆಲಸದ ನಡುವೆ ಕೇಳುತ್ತಿರುವ ಕೆಲವರಿಗಾಗಿಯೇ ಇವತ್ತು ಮಾತಾಡಬೇಕೆಂದು ಬಂದಿದ್ದೇನೆ. ಮನೆಯಲ್ಲಿ ಲಕ್ವ ಹೊಡೆದ ಅತ್ತೆಯೋ, ಮರೆವಿನ ಕಾಯಿಲೆಯ ತಂದೆಯೋ, ಸೊಂಟದ ಮೂಳೆ ಮುರಿದು ಮಲಗಿದ ಅಜ್ಜಿಯೋ ಇದ್ದು, ಅವರ ಹೊಣೆ ಹೊತ್ತವರಿಗಾಗಿ. ರೋಗಿ ಏನು ತಿನ್ನಬೇಕು, ಯಾವ ಮಾತ್ರೆ ಯಾವಾಗ ನುಂಗಬೇಕು ಎಂದು ನಾವು ವೈದ್ಯರು ಮೈಕಿನ ಮುಂದೆ ಎಷ್ಟೋ ಸಲ ಹೇಳಿದ್ದೇವೆ. ಆ ಮಾತ್ರೆ ಕೊಡುವವರು ಊಟ ಮಾಡಿದರೇ, ಕಣ್ಣು ಮುಚ್ಚಿದರೇ ಎಂದು ಕೇಳಿದ್ದು ಕಡಿಮೆ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ತಾನಾಗಿ ಹೊರಳಲಾರದ ರೋಗಿಯ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು. ಬದಲಿಸದಿದ್ದರೆ ಬೆನ್ನಿನ ಬುಡ, ಸೊಂಟ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಆಮೇಲೆ ಒಡೆದು ಹಾಸಿಗೆ ಹುಣ್ಣಾಗುತ್ತದೆ. ಆಸ್ಪತ್ರೆಯಲ್ಲಿ ಈ ಕೆಲಸವನ್ನು ಮೂರು ಪಾಳಿಯ ನರ್ಸುಗಳು ಹಂಚಿಕೊಳ್ಳುತ್ತಾರೆ. ವಾರಕ್ಕೆ ಇರುವುದು 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿಯುತ್ತಾರೆ ಅಂದುಕೊಂಡರೆ, ಒಂದು ಹಾಸಿಗೆಯ ಪಕ್ಕದಲ್ಲಿ ಹಗಲೂ ರಾತ್ರಿ ಒಬ್ಬರಿರಲು ಮೂರೂವರೆ ಜನ ಬೇಕು. ರಜೆ, ನೆಗಡಿ, ಊರಿನ ಜಾತ್ರೆ ಎಲ್ಲ ಸೇರಿಸಿದರೆ ನಾಲ್ಕು ಜನ. ಇದೇ ಕೆಲಸವನ್ನು ನಮ್ಮ ಮನೆಗಳಲ್ಲಿ ಒಬ್ಬ ಸೊಸೆ, ಒಬ್ಬ ಮಗಳು, ಮದುವೆಯಾಗದೆ ಉಳಿದ ಒಬ್ಬ ತಮ್ಮ ಮಾಡುತ್ತಿರುತ್ತಾರೆ. ನಡುವೆ ಅಡುಗೆಯನ್ನೂ ಮಾಡಿ, ಕರೆಂಟ್ ಬಿಲ್ಲನ್ನೂ ಕಟ್ಟಿ ಬರುತ್ತಾರೆ. ನಾಲ್ಕು ಜನರ ಕೆಲಸ ಒಬ್ಬರೇ ಮಾಡಿ, ನನ್ನೆದುರು ಬಂದು ಕೂತು ಹೇಳುವ ಮೊದಲ ಮಾತು, "ಸರಿಯಾಗಿ ನೋಡ್ಕೊಳ್ಳೋಕೆ ಆಗ್ತಾ ಇಲ್ಲ ಡಾಕ್ಟ್ರೇ."

ತಾಲ್ಲೂಕು ಊರೊಂದರಲ್ಲಿ ಬಹಳ ವರ್ಷ ವೈದ್ಯನಾಗಿದ್ದವನು ನಾನು. ಇಂಥ ಮಾತು ಆಡಿದವರು ಹಲವರು. ಯಾರ ಗುರುತೂ ಬೇಡ. ಅವರನ್ನೆಲ್ಲ ಸೇರಿಸಿ ಒಬ್ಬ ಹೆಂಗಸಿನ ಮಾತಾಗಿ ಹೇಳುತ್ತೇನೆ. ಅತ್ತೆಗೆ ಬಲಗೈ ಬಲಗಾಲು ಬಿದ್ದಿದೆ, ಮಾತು ತೊದಲು. ಈಕೆಗೆ ರಾತ್ರಿ ಮೂರು ಗಂಟೆಯ ನಿದ್ದೆ. ಏನೇನು ಮಾಡಲಾಗುತ್ತಿಲ್ಲ, ಒಂದು ಹಾಳೆಯಲ್ಲಿ ಬರೆದುಕೊಂಡು ಬಾರಮ್ಮ ಎಂದೆ. ಬರೆದು ತಂದರು. ಬಾಗಿಲಿಗೆ ದಿನವೂ ರಂಗೋಲಿ ಹಾಕಲಾಗುತ್ತಿಲ್ಲ. ಮಗನ ಟಿಫಿನ್ ಡಬ್ಬಿಗೆ ಮೂರು ದಿನದಿಂದ ಚಿತ್ರಾನ್ನವೇ ಹೋಗುತ್ತಿದೆ. ಅತ್ತೆಯನ್ನು ನೋಡಲು ಬಂದವರಿಗೆ ಬರೀ ಕಾಫಿ ಕೊಟ್ಟು ಕಳಿಸಿದ್ದು ಎರಡು ಸಲ. ಈ ವರ್ಷ ಮಾವಿನಮಿಡಿ ಉಪ್ಪಿನಕಾಯಿ ಹಾಕಲಿಲ್ಲ. ಕೋಣೆಗೆ ಆಸ್ಪತ್ರೆಯ ವಾಸನೆ ಬಂದಿದೆ. ಶ್ರಾವಣ ಹತ್ತಿರ ಬಂತು, ದೇವರ ಪಾತ್ರೆ ಬೆಳಗಿಲ್ಲ. ನಾದಿನಿಗೆ ಸಿಡುಕಿನ ಉತ್ತರ ಕೊಟ್ಟೆ. ಹಾಳೆಯ ಎರಡೂ ಬದಿ ತುಂಬಿತ್ತು. ಅದರಲ್ಲಿ ಅತ್ತೆಯ ಕಾಯಿಲೆಯಿಂದ ಬಂದ ಕೆಲಸ ಹುಡುಕಿದರೆ ಐದಾರು. ಮಿಕ್ಕದ್ದೆಲ್ಲ ಅತ್ತೆ ಗಟ್ಟಿಮುಟ್ಟಾಗಿದ್ದ ದಿನಗಳ ಪಟ್ಟಿ. ಆ ಪಟ್ಟಿಯಿಂದ ಒಂದನ್ನೂ ಹೊಡೆದುಹಾಕದೆ, ಅದರ ಮೇಲೆಯೇ ನಾಲ್ಕು ಜನರ ಶುಶ್ರೂಷೆಯನ್ನು ಹೇರಿಕೊಂಡಿದ್ದರು.

ಇದನ್ನೆಲ್ಲ ಮಾಡು ಎಂದು ಯಾರು ಹೇಳಿದರು ಎಂದು ಕೇಳಿದೆ. ಗಂಡ ಹೇಳಿಲ್ಲ. ಅತ್ತೆ ಹೇಳಲಾರರು. ನೆಂಟರು ಒಂದಿಬ್ಬರು ಹುಬ್ಬೇರಿಸಿರಬಹುದು, ಅಷ್ಟೆ. ಬಹುಪಾಲನ್ನು ಆಕೆಯೇ ತನಗೆ ವಿಧಿಸಿಕೊಂಡಿದ್ದರು. ಕಾಯಿಲೆ ಹೇರಿದ ಭಾರವನ್ನು ಇಳಿಸಲು ನನ್ನ ಕೈಯಲ್ಲಿ ಆಗುವುದು ಸ್ವಲ್ಪ. ನಾವೇ ಹೇರಿಕೊಂಡದ್ದನ್ನು ಇಳಿಸಬಹುದು, ಅದಕ್ಕೆ ಔಷಧಿ ಚೀಟಿಯೂ ಬೇಡ. ಆದರೆ ಇಳಿಸುವುದು ಕಷ್ಟ, ಯಾಕೆಂದರೆ ಅದು ಭಾರವೆಂದು ಕಾಣುವುದಿಲ್ಲ, ಕರ್ತವ್ಯವೆಂದು ಕಾಣುತ್ತದೆ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಧಾರಾಳಿಗಳು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬಾಣಂತಿಯನ್ನು ನೋಡಿ. ತವರಿಗೆ ಕರೆದುಕೊಂಡು ಹೋಗಿ ಮೂರು ತಿಂಗಳೋ ಐದು ತಿಂಗಳೋ ಎಣ್ಣೆನೀರು ಹಾಕಿ, ತಲೆಗೆ ಬಟ್ಟೆ ಕಟ್ಟಿ ಮಲಗಿಸುತ್ತಿದ್ದರು. ಅವಳು ಕಸ ಗುಡಿಸಲಿಲ್ಲ ಎಂದು ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆ ಪದ್ಧತಿಯಲ್ಲಿ ಬಾಣಂತಿಗೆ ನೀರು ಕುಡಿಸದೆ ಇಡುವಂಥ ತಪ್ಪುಗಳೂ ಇದ್ದವು, ಅದರ ಬಗ್ಗೆ ಇನ್ನೊಂದು ದಿನ ಬೇಕಾದರೆ ಜಗಳವಾಡೋಣ. ಸಾವಾದ ಮನೆಯನ್ನು ನೋಡಿ. ಆ ದಿನ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು, ಬೀಗರು ಅನ್ನ ಸಾರು ತರುತ್ತಾರೆ. ಸೂತಕ ಕಳೆಯುವವರೆಗೆ ಪೂಜೆಯಿಲ್ಲ, ದೇವಸ್ಥಾನವಿಲ್ಲ. ಅನೇಕ ಮನೆತನಗಳಲ್ಲಿ ಆ ವರ್ಷವಿಡೀ ಹಬ್ಬವೇ ಇಲ್ಲ. ಯುಗಾದಿಗೆ ತೋರಣ ಕಟ್ಟದ ಬಾಗಿಲನ್ನು ನೋಡಿದರೆ ಬೀದಿಯವರಿಗೆ ತಾನಾಗಿ ಅರ್ಥವಾಗುತ್ತದೆ. ಸೂತಕದ ಹೆಸರಿನಲ್ಲಿ ಮಾಡಿದ ಹೊರಗಿಡುವಿಕೆಯನ್ನು ನಾನು ಹೊಗಳುತ್ತಿಲ್ಲ. ಆದರೆ ದುಃಖದಲ್ಲಿರುವವರಿಗೆ ಕೆಲಸದಿಂದ ಬಿಡುವು ಕೊಡಲು, ಅದೂ ಅವರು ಬಾಯಿಬಿಟ್ಟು ಕೇಳದಂತೆ ಕೊಡಲು, ಆ ಏರ್ಪಾಡು ಒದಗಿತು.

ಹುಟ್ಟಿಗೆ ಬಿಡುವಿದೆ, ಸಾವಿಗೆ ಬಿಡುವಿದೆ. ನಡುವಿನ ದೀರ್ಘ ಕಾಯಿಲೆಗೆ ಮಾತ್ರ ಇಲ್ಲ. ಬಹುಶಃ ಹಿಂದೆ ಅದು ಬೇಕಾಗಿರಲಿಲ್ಲ. ಮನೆ ತುಂಬ ಜನರಿದ್ದರು, ಹಾಸಿಗೆ ಹಿಡಿದವರು ಹೆಚ್ಚು ದಿನ ಉಳಿಯುತ್ತಲೂ ಇರಲಿಲ್ಲ. ಈಗ ಮೂಗಿನ ನಳಿಕೆ, ಏರ್ ಬೆಡ್, ಆಂಟಿಬಯೋಟಿಕ್ ಇವೆಲ್ಲ ಇರುವುದರಿಂದ ಲಕ್ವ ಹೊಡೆದವರು ಹತ್ತು ವರ್ಷವೂ ಇರುತ್ತಾರೆ, ಇರಲಿ, ಸಂತೋಷ. ಆದರೆ ಮನೆಯಲ್ಲಿ ಉಳಿದಿರುವುದು ಇಬ್ಬರು. ಈ ಹತ್ತು ವರ್ಷಕ್ಕೆ ಯಾವ ಪಂಚಾಂಗದಲ್ಲೂ ರಿಯಾಯಿತಿ ಬರೆದಿಲ್ಲ. ಹೊರಗಿನವರು ಕೊಡದ ಈ ರಿಯಾಯಿತಿಯನ್ನು ನಾವೇ ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ.

ತೆಗೆದುಕೊಂಡರೆ ಧರ್ಮ ಕೆಡುತ್ತದೆಯೇ? ಹಾಗೆ ಕೇಳುವ ಹಿರಿಯರಿಗೆ ನಾನು ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆ ಹೇಳುತ್ತೇನೆ. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಭಾಗವಿದೆ, ಬರಗಾಲದಲ್ಲಿ ವಿಶ್ವಾಮಿತ್ರ ನಾಯಿಮಾಂಸ ಕದಿಯಲು ಹೊರಟ ಕಥೆ ಅಲ್ಲಿ ಬರುತ್ತದೆ. ಅದು ಎಲ್ಲರಿಗೂ ಗೊತ್ತಿರುವಂಥದ್ದು. ಉಷಸ್ತಿಯದು ಅದಕ್ಕಿಂತ ಸಣ್ಣದು, ನನಗೆ ಅದಕ್ಕಿಂತ ಇಷ್ಟ. ಕುರುದೇಶದಲ್ಲಿ ಬೆಳೆ ಹಾಳಾಗಿ ಜನ ಉಪವಾಸ ಬಿದ್ದಿದ್ದಾರೆ. ಉಷಸ್ತಿ ಹೆಂಡತಿಯನ್ನು ಕರೆದುಕೊಂಡು ಆನೆಯವರ ಹಳ್ಳಿಯೊಂದರಲ್ಲಿ ತಂಗಿದ್ದಾನೆ. ಆನೆಯವನೊಬ್ಬ ಕಳಪೆ ಕಾಳು ತಿನ್ನುತ್ತಿದ್ದ. ಇವನು ಬೇಡಿದ. ನನ್ನ ತಟ್ಟೆಯಲ್ಲಿರುವುದನ್ನು ಬಿಟ್ಟರೆ ಬೇರೆ ಇಲ್ಲವಲ್ಲ ಎಂದ ಅವನು. ಅದನ್ನೇ ಕೊಡು ಎಂದು ಇವನು ತೆಗೆದುಕೊಂಡ. ಆನೆಯವನು ನೀರನ್ನೂ ಮುಂದೆ ಹಿಡಿದ. ಎಂಜಲು ನೀರು ಬೇಡ ಎಂದುಬಿಟ್ಟ ಉಷಸ್ತಿ. ಕಾಳು ಎಂಜಲಲ್ಲವೇ ಎಂದು ಆನೆಯವನು ಸರಿಯಾಗಿಯೇ ಕೇಳಿದ. ಕಾಳು ತಿನ್ನದಿದ್ದರೆ ಜೀವ ಉಳಿಯುತ್ತಿರಲಿಲ್ಲ, ನೀರು ಬೇಕಾದ ಕಡೆ ಸಿಗುತ್ತದೆ ಎಂದ ಇವನು. ಮಿಕ್ಕ ಕಾಳನ್ನು ಹೆಂಡತಿಗೆ ತಂದುಕೊಟ್ಟ. ಆಕೆಗೆ ಅಷ್ಟರಲ್ಲಿ ಭಿಕ್ಷೆ ಸಿಕ್ಕಿತ್ತು, ಕಾಳನ್ನು ಎತ್ತಿಟ್ಟಳು. ಮರುದಿನ ಬೆಳಿಗ್ಗೆ ಆ ತಂಗಳು ಕಾಳನ್ನೇ ತಿಂದು ಅವನು ರಾಜನ ಯಜ್ಞಶಾಲೆಗೆ ನಡೆದ, ಅಲ್ಲಿ ಅವನಿಗೆ ಋತ್ವಿಜನ ಕೆಲಸ ಸಿಕ್ಕಿತು.

ಎಂಜಲು ತಿಂದೆನಲ್ಲ ಎಂದು ಆತ ರಾತ್ರಿಯಿಡೀ ಮರುಗಿದ ಎಂದು ಉಪನಿಷತ್ತು ಎಲ್ಲಿಯೂ ಹೇಳುವುದಿಲ್ಲ. ನಿಯಮಗಳನ್ನೆಲ್ಲ ಗಾಳಿಗೆ ತೂರಿದ ಎಂದೂ ಹೇಳುವುದಿಲ್ಲ. ಯಾವುದನ್ನು ಬಿಡದೆ ಗತಿಯಿಲ್ಲವೋ ಅಷ್ಟನ್ನು ಬಿಟ್ಟ, ಉಳಿಸಿಕೊಳ್ಳಬಹುದಾದ್ದನ್ನು ಉಳಿಸಿಕೊಂಡ.

ರೋಗಿಯ ಮನೆಯಲ್ಲಿ ಉಳಿಸಿಕೊಳ್ಳಲೇಬೇಕಾದ್ದು ಏನು ಎಂಬುದನ್ನು ವೈದ್ಯನಾಗಿ ಹೇಳಿಬಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಮಗ್ಗುಲು ಬದಲಿಸುವುದು, ಹೊತ್ತಿಗೆ ಮಾತ್ರೆ, ನುಂಗುವಷ್ಟು ಮೆತ್ತಗಿನ ಆಹಾರ, ಅದನ್ನು ಬೆನ್ನಿಗೆ ಆಸರೆ ಕೊಟ್ಟು ಕೂರಿಸಿಯೇ ತಿನ್ನಿಸುವುದು, ಒದ್ದೆಯಾದ ಬಟ್ಟೆಯನ್ನು ಬೇಗ ಬದಲಿಸುವುದು. ಇವು ಕಾಳು. ಇವುಗಳಲ್ಲೂ ಸುಲಭದ ದಾರಿ ಹಿಡಿಯಬಹುದು. ಹಾಸಿಗೆಯ ಮೇಲೆ ಅಡ್ಡಲಾಗಿ ಒಂದು ಗಟ್ಟಿ ಬಟ್ಟೆ ಹಾಸಿ, ಅದನ್ನೇ ಎಳೆದು ಹೊರಳಿಸಿದರೆ ನಿಮ್ಮ ಸೊಂಟ ಉಳಿಯುತ್ತದೆ. ದಿನಾ ತಲೆಸ್ನಾನ ಬೇಡ, ಮೈ ಒರೆಸಿದರೆ ಸಾಕು. ರಂಗೋಲಿ, ಉಪ್ಪಿನಕಾಯಿ, ಬಂದವರ ಉಪ್ಪಿಟ್ಟು ಇವುಗಳ ಗತಿ ನಿಮಗೇ ಬಿಟ್ಟದ್ದು. ಒಂದು ಮಾತು ಮಾತ್ರ. ಕೆಲವರಿಗೆ ಬೆಳಗಿನ ರಂಗೋಲಿಯ ಆ ಹತ್ತು ನಿಮಿಷವೇ ದಿನದಲ್ಲಿ ತಮ್ಮದು ಅನ್ನಿಸುವ ಹೊತ್ತು. ಅಂಥವರು ರಂಗೋಲಿ ಇಟ್ಟುಕೊಂಡು ಇನ್ನೇನನ್ನಾದರೂ ಬಿಡಲಿ.

ಈಗ ಇನ್ನೊಬ್ಬ ವೈದ್ಯರ ವಿಷಯ ಹೇಳಬೇಕು. ಅವರೂ ರೇಡಿಯೋದಲ್ಲಿ ಮಾತಾಡಿದವರೇ. ಡೊನಾಲ್ಡ್ ವಿನಿಕಾಟ್ ಅಂತ ಹೆಸರು, ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಸುಮಾರು ನಾಲ್ಕು ದಶಕ ಕೆಲಸ ಮಾಡಿದವರು. ಎರಡನೇ ಮಹಾಯುದ್ಧದ ದಿನಗಳಿಂದಲೇ ಬಿಬಿಸಿಯಲ್ಲಿ ತಾಯಂದಿರನ್ನು ಉದ್ದೇಶಿಸಿ ಮಾತಾಡುತ್ತಿದ್ದರು. 1949ರಲ್ಲಿ ಅವರ ಹೆಸರಾಂತ ಭಾಷಣಮಾಲೆ ಪ್ರಸಾರವಾಯಿತು. ಇಂಗ್ಲೆಂಡಿನಲ್ಲಿ ಆಗಿನ್ನೂ ಪಡಿತರ ಇತ್ತು, ಬಾಂಬು ಬಿದ್ದ ಮನೆಗಳು ಹಾಗೆಯೇ ಇದ್ದವು. ಶಿಶುಪಾಲನೆಯ ಕಟ್ಟುನಿಟ್ಟು ಸಲಹೆ ಕೇಳಿ ಕೇಳಿ ತಾಯಂದಿರು ಕಂಗೆಟ್ಟಿದ್ದ ಕಾಲ. ಇಷ್ಟು ಗಂಟೆಗೇ ಹಾಲು, ಅತ್ತರೂ ಎತ್ತಬಾರದು ಎಂಬ ಮಾದರಿಯ ಸಲಹೆಗಳು. ವಿನಿಕಾಟ್ ಮೈಕಿನ ಮುಂದೆ ಕೂತು, ಏನು ಮಾಡಬೇಕೆಂದು ನಾನು ನಿಮಗೆ ಹೇಳಲು ಬಂದಿಲ್ಲ ಎಂಬ ಭರವಸೆಯಿಂದಲೇ ಶುರುಮಾಡಿದರು. ಸಾಮಾನ್ಯ ತಾಯಿ ತನ್ನಷ್ಟಕ್ಕೆ ಮಾಡುವುದು ಬಹುಪಾಲು ಸರಿಯಾಗಿಯೇ ಇರುತ್ತದೆ ಎಂಬುದು ಅವರ ನಿಲುವು. ಮುಂದೆ 1953ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಗುವಿಗೆ ಬೇಕಾದ್ದು ಸಾಕೆನ್ನುವಷ್ಟು ಒಳ್ಳೆಯ ತಾಯಿ, ಪರಿಪೂರ್ಣ ತಾಯಿಯಲ್ಲ. ಮೊದಮೊದಲು ಎಲ್ಲವನ್ನೂ ಒದಗಿಸುವ ಆಕೆ ಮಗು ಬೆಳೆದಂತೆ ಸ್ವಲ್ಪ ಸ್ವಲ್ಪವೇ ತಪ್ಪುತ್ತ ಹೋಗುತ್ತಾಳೆ, ಆ ತಪ್ಪುವಿಕೆಯಿಂದಲೇ ಮಗು ಲೋಕವನ್ನು ಕಲಿಯುತ್ತದೆ ಎಂದರು. ತಾಯಿ ಒಂದು ದಿನ ತಡಮಾಡಿದ್ದು ಅಪರಾಧದ ಪಟ್ಟಿಯಿಂದ ಹೊರಗೆ ಬಂತು.

  

ವಿನಿಕಾಟರ ಇನ್ನೊಂದು ಬರಹ ನನ್ನ ಕೇಳುಗರಿಗೆ ಹೆಚ್ಚು ಬೇಕಾದ್ದು. ಅದೇ 1949ರಲ್ಲಿ ಅಚ್ಚಾದ ಒಂದು ಲೇಖನದಲ್ಲಿ ಅವರು, ತಾಯಿಗೆ ತನ್ನ ಕೂಸಿನ ಮೇಲೆ ದ್ವೇಷ ಬರಲು ಇರುವ ಕಾರಣಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ಹದಿನೆಂಟು ಕಾರಣ! ಹಾಲು ಕುಡಿಯುವಾಗ ನೋಯಿಸುತ್ತದೆ, ಅವಳ ಸ್ವಂತ ಬದುಕಿಗೆ ಅಡ್ಡ ಬರುತ್ತದೆ, ಸಂಬಳವಿಲ್ಲದ ಆಳಿನ ಹಾಗೆ ನಡೆಸಿಕೊಳ್ಳುತ್ತದೆ, ಹೀಗೆ. ತಾಯ್ತನವನ್ನು ಅಷ್ಟೊಂದು ಗೌರವಿಸಿದ ಮನುಷ್ಯ ಇದನ್ನು ಬರೆದದ್ದು ತಾಯಂದಿರನ್ನು ನಾಚಿಸಲಿಕ್ಕಲ್ಲ. ಪ್ರೀತಿಯ ಜೊತೆಗೇ ಇಂಥ ಸಿಟ್ಟೂ ಇರುತ್ತದೆ, ಅದನ್ನು ಒಳಗೊಳಗೇ ಒಪ್ಪಿಕೊಂಡವಳು ಮಗುವಿನ ಮೇಲೆ ಅದನ್ನು ತೀರಿಸಿಕೊಳ್ಳಬೇಕಾಗಿ ಬರುವುದಿಲ್ಲ ಎಂಬುದು ಅವರ ತಿಳಿವು.

ಕೂಸಿನ ಬಗ್ಗೆಯೇ ಹದಿನೆಂಟಾದರೆ, ಮರೆವಿನ ಕಾಯಿಲೆಯ ಎಂಬತ್ತು ವರ್ಷದ ತಂದೆಯ ಬಗ್ಗೆ ಎಷ್ಟಿರಬಹುದು ಯೋಚಿಸಿ. ಆಗ ತಾನೇ ಊಟ ಮಾಡಿ ಕೈ ತೊಳೆದವರು ಹೊರಗೆ ಹೋಗಿ, ಈ ಹುಡುಗಿ ನನಗೆ ಅನ್ನ ಹಾಕಿಲ್ಲ ಎಂದು ಬೀದಿಯವರಿಗೆ ಹೇಳುತ್ತಾರೆ. ಒಂದೇ ಪ್ರಶ್ನೆಯನ್ನು ಮಧ್ಯಾಹ್ನದೊಳಗೆ ಐವತ್ತು ಸಲ ಕೇಳುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಚಪ್ಪಲಿ ಮೆಟ್ಟಿಕೊಂಡು, ಕೆಲಸದಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾದ ಕಚೇರಿಗೆ ಹೊರಡುತ್ತಾರೆ. ಇಷ್ಟರ ನಡುವೆಯೂ ನನಗೆ ಸಿಟ್ಟು ಬರಲೇಕೂಡದು ಎಂದು ನಮ್ಮ ಹೆಣ್ಣುಮಕ್ಕಳು ತಮಗೆ ತಾವೇ ಆಜ್ಞೆ ಮಾಡಿಕೊಂಡಿರುತ್ತಾರೆ. ಬಂದಾಗ ಸ್ನಾನದ ಮನೆಗೆ ಹೋಗಿ ಅಳುತ್ತಾರೆ. ಇನ್ನೂ ಒಂದು ಯೋಚನೆ ಬರುತ್ತದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಇವರಿಗೆ ಬೇಗ ಬಿಡುಗಡೆಯಾಗಬಾರದೇ ಎಂಬ ಯೋಚನೆ. ಒಳ್ಳೆಯ ಮಕ್ಕಳಿಗೂ ಬರುತ್ತದೆ. ತಂದೆಯ ಮೇಲೆ ಪ್ರಾಣವನ್ನೇ ಇಟ್ಟವರಿಗೂ ಬರುತ್ತದೆ. ಬಂತೆಂದು ನೀವು ಪಾಪಿಗಳಾಗುವುದಿಲ್ಲ. ಕೈ ಎತ್ತುವ ಮಟ್ಟಿಗೆ ಹೋಯಿತೋ, ಅದು ಬೇರೆ ಮಾತು. ಆ ಕ್ಷಣ ಅವರನ್ನು ಸುರಕ್ಷಿತವಾಗಿ ಕೂರಿಸಿ ಕೋಣೆಯಿಂದ ಆಚೆ ಬನ್ನಿ, ಆ ದಿನವೇ ಇನ್ನೊಬ್ಬರನ್ನು ಕರೆಯಿರಿ.

ಫಲದ ಬಗ್ಗೆ ಇಟ್ಟುಕೊಳ್ಳುವ ನಿರೀಕ್ಷೆಯೂ ಹೀಗೆಯೇ ಹಿಂಡುತ್ತದೆ. ಲಕ್ವದ ನಂತರ ಸುಧಾರಣೆ ಹೆಚ್ಚಾಗಿ ಕಾಣುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆಮೇಲೂ ಆಗುತ್ತದೆ, ನಿಧಾನವಾಗಿ. ಎಷ್ಟು ಸುಧಾರಿಸುತ್ತದೆ ಎನ್ನುವುದು ಬಹುಮಟ್ಟಿಗೆ ಮಿದುಳಿನ ಯಾವ ಭಾಗಕ್ಕೆ ಎಷ್ಟು ಪೆಟ್ಟಾಗಿದೆ, ಎಷ್ಟು ಬೇಗ ಆಸ್ಪತ್ರೆ ತಲುಪಿದಿರಿ ಎನ್ನುವುದನ್ನು ಅವಲಂಬಿಸಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ; ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ. ಇದು ನಡುವೆ ನುಸುಳಿದ ವೈದ್ಯನ ಮಾತು. ವ್ಯಾಯಾಮ ಮಾಡಿಸಬೇಕು, ಅದರಿಂದ ಪ್ರಯೋಜನವಿದೆ. ಆದರೆ ಅತ್ತೆ ವರ್ಷವಾದರೂ ನಡೆಯಲಿಲ್ಲ ಎಂದರೆ ನೀವು ದಿನಕ್ಕೆ ಇನ್ನರ್ಧ ಗಂಟೆ ಕಾಲು ಆಡಿಸಲಿಲ್ಲ ಎಂದು ಅರ್ಥವಲ್ಲ. ಮರೆವಿನ ಕಾಯಿಲೆಯಲ್ಲಂತೂ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಅದು ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ. ನೋಡಿಕೊಳ್ಳುವುದರಿಂದ ಅವರ ದಿನ ಹಿತವಾಗುತ್ತದೆ, ಕಾಯಿಲೆ ನಿಲ್ಲುವುದಿಲ್ಲ.

ದಿನದ ಯೋಜನೆಗೆ ಬರೋಣ. ರೋಗಿಯ ಮನೆಯವರು ಹಾಕಿಕೊಳ್ಳುವ ವೇಳಾಪಟ್ಟಿ ನೋಡಿದರೆ ನನಗೆ ಒಂದು ಅಧ್ಯಯನ ನೆನಪಾಗುತ್ತದೆ. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು 1994ರಲ್ಲಿ ಪ್ರಕಟಿಸಿದ್ದು. ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ನಿಮಗೆ ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಎಡವಟ್ಟಾದರೆ ಎಷ್ಟು ಎಂದು ಕೇಳಿದ್ದಕ್ಕೆ ಸುಮಾರು 49 ದಿನ ಎಂದರು. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಮೇಲೆ. ಅಂದರೆ ಅವರು ಕಲ್ಪಿಸಿಕೊಂಡ ಅತಿ ಕೆಟ್ಟ ಸ್ಥಿತಿಯೂ ವಾಸ್ತವಕ್ಕಿಂತ ಸೊಗಸಾಗಿತ್ತು. ಅವರು ಬರೆಯುವಾಗ ಪಕ್ಕದ ಕೋಣೆಯಿಂದ ಯಾರೂ ಬೆಡ್‌ಪ್ಯಾನ್ ಕೇಳುತ್ತಿರಲಿಲ್ಲ ಎಂದುಕೊಳ್ಳೋಣ. ಹಾಗಿದ್ದೂ ಈ ಗತಿ. ಹತ್ತು ಗಂಟೆಗೆ ಅಡುಗೆ ಮುಗಿಸಿ, ಹನ್ನೊಂದಕ್ಕೆ ಬ್ಯಾಂಕಿಗೆ ಹೋಗಿ ಬಂದು, ಹನ್ನೆರಡಕ್ಕೆ ಊಟ ತಿನ್ನಿಸಿ ಎಂದು ನೀವು ಬರೆದುಕೊಂಡ ಪಟ್ಟಿ ಸಂಜೆಯ ಹೊತ್ತಿಗೆ ಅರ್ಧವೂ ಆಗದಿದ್ದರೆ ದೋಷ ಪಟ್ಟಿಯದು.

ಕೋಲಾರ, ತುಮಕೂರು ಕಡೆಯ ಮಳೆಯಾಶ್ರಿತ ಹೊಲದವರಿಗೆ ಸ್ಥಿತಿ ನೋಡಿ ಯೋಜನೆ ಬದಲಿಸುವುದನ್ನು ಹೇಳಿಕೊಡಬೇಕಾಗಿಲ್ಲ. ಮುಂಗಾರು ಸರಿಯಾಗಿ ಬಂದರೆ ದೀರ್ಘಾವಧಿ ರಾಗಿ ಬಿತ್ತುತ್ತಾರೆ. ಮಳೆ ಹಿಂದೆ ಬಿದ್ದರೆ ಬೇಗ ಕೊಯ್ಲಿಗೆ ಬರುವ ತಳಿಗೆ ಇಳಿಯುತ್ತಾರೆ. ಅದೂ ತಪ್ಪಿದರೆ ಹೊಲವನ್ನು ಬೀಳು ಬಿಡದೆ ಹುರುಳಿ ಚೆಲ್ಲುತ್ತಾರೆ. ಹುರುಳಿ ಬಿತ್ತಿದವನನ್ನು ಊರಿನಲ್ಲಿ ಯಾರೂ ಕೆಟ್ಟ ಬೇಸಾಯಗಾರ ಎನ್ನುವುದಿಲ್ಲ. ಆ ಮಳೆಗೆ ರಾಗಿಯೇ ಬರಲೆಂದು ಹಟ ಹಿಡಿದವನನ್ನು ನೋಡಿ ನಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಬರುತ್ತದೆ, ಹೆಚ್ಚಾಗಿ ಗಂಡಸರಿಂದ. ಒತ್ತಡ ಇದ್ದರೇನೇ ಕೆಲಸ ಆಗೋದು ಡಾಕ್ಟ್ರೇ, ಸಡಿಲ ಬಿಟ್ಟರೆ ಎಲ್ಲ ಬಿದ್ದುಹೋಗುತ್ತೆ ಅಂತ. ಅರ್ಧ ಸತ್ಯ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಇಲಿ ಎರಡು ಪೆಟ್ಟಿಗೆಗಳ ನಡುವೆ ಸರಿಯಾದದ್ದನ್ನು ಆರಿಸಿಕೊಳ್ಳಬೇಕು, ತಪ್ಪಿದರೆ ವಿದ್ಯುತ್ತಿನ ಚುರುಕು. ಎರಡರ ವ್ಯತ್ಯಾಸ ಎದ್ದು ಕಾಣುವಂತಿದ್ದಾಗ ಚುರುಕು ಜೋರಾದಷ್ಟೂ ಇಲಿ ಬೇಗ ಕಲಿಯಿತು. ವ್ಯತ್ಯಾಸ ಸೂಕ್ಷ್ಮವಾದಾಗ ಜೋರು ಚುರುಕಿನಿಂದ ಕಲಿಕೆ ಹಿಂದೆ ಬಿತ್ತು. ಇಲಿಯಿಂದ ಮನುಷ್ಯರಿಗೆ ಜಿಗಿಯುವಾಗ ಎಚ್ಚರ ಬೇಕು, ಒಪ್ಪುತ್ತೇನೆ. ಆದರೆ ನನ್ನ ಅನುಭವಕ್ಕೆ ಅದು ಹೊಂದುತ್ತದೆ. ಮೂಟೆ ಹೊರಲು ಬೈಗುಳದ ಒತ್ತಡ ಸಾಕಾಗಬಹುದು. ಅರ್ಧ ಮಾತ್ರೆಯೋ ಒಂದು ಮಾತ್ರೆಯೋ ನೆನಪಿಡುವುದು, ಗಂಟಲಿಗೆ ಗಂಜಿ ಸಿಕ್ಕಿಕೊಂಡಿದೆಯೇ ಎಂದು ಮುಖ ನೋಡಿ ತಿಳಿಯುವುದು, ಹಿಮ್ಮಡಿಯ ಚರ್ಮದ ಬಣ್ಣ ಬದಲಾದದ್ದನ್ನು ಗುರುತಿಸುವುದು ಸೂಕ್ಷ್ಮದ ಕೆಲಸ. ತನ್ನನ್ನು ತಾನೇ ಬೈದುಕೊಳ್ಳುತ್ತ, ನಿದ್ದೆಗೆಟ್ಟು ನಿಂತವರ ಕೈಯಲ್ಲಿ ಮಾತ್ರೆ ತಪ್ಪುತ್ತದೆ.

ಒಬ್ಬರೇ ಮಾಡಬೇಕೆಂಬ ಹಟವನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ. ಅಣ್ಣ ಬೆಂಗಳೂರಿನಲ್ಲಿದ್ದಾನೆ, ತಂಗಿ ಅಮೆರಿಕದಲ್ಲಿ. ತಂಗಿ ವಿಡಿಯೋ ಕಾಲ್ ಮಾಡಿ, ಅಪ್ಪ ಯಾಕೆ ಇಷ್ಟು ಇಳಿದುಹೋಗಿದ್ದಾರೆ ಎನ್ನುತ್ತಾಳೆ. ಅಣ್ಣ ವಾಟ್ಸಾಪಿನಲ್ಲಿ ಅರಿಶಿನದ ಮಹಿಮೆ ಕಳಿಸುತ್ತಾನೆ. ಅವರಿಗೂ ಅಪರಾಧಿ ಭಾವ ಕಾಡುತ್ತಿರುತ್ತದೆ, ಅದು ಸಲಹೆಯ ರೂಪದಲ್ಲಿ ಹೊರಬರುತ್ತದೆ. ನೀವು "ಎಲ್ಲ ಚೆನ್ನಾಗಿದೆ, ನಾನು ನೋಡ್ಕೋತೀನಿ" ಎಂದುಬಿಟ್ಟರೆ ಅವರು ನಂಬುತ್ತಾರೆ, ನಂಬುವುದು ಅವರಿಗೂ ಅನುಕೂಲ. ಸಹಾಯ ಬೇಕು ಎಂದಷ್ಟೇ ಹೇಳಿದರೂ ಅದು ಗಾಳಿಗೆ ಹೋಗುತ್ತದೆ. ಹೆಸರು, ವಾರ, ಗಂಟೆ ಹಾಕಿ ಕೇಳಿ. ಅಣ್ಣ, ತಿಂಗಳ ಎರಡನೇ ಶನಿವಾರ ರಾತ್ರಿ ನೀನು ಬಂದು ಅಪ್ಪನ ಕೋಣೆಯಲ್ಲಿ ಮಲಗು, ನಾನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೇನೆ. ತಂಗಿ, ದಿನಾ ನಾಲ್ಕು ಗಂಟೆ ಬಂದು ಹೋಗುವ ಒಬ್ಬ ಆಯಾ ಇಡೋಣ, ಸಂಬಳ ನಿನ್ನದು. ಇಲ್ಲ ಎಂದರೆ ಇಲ್ಲ ಎನ್ನಲಿ, ಆದರೆ ಪ್ರಶ್ನೆ ಅವರ ಅಂಗಳದಲ್ಲಿರಲಿ. ಕೇಳುವುದಕ್ಕೆ ಸಂಕೋಚಪಡುವವರು ಆ ಮೂರೂವರೆ ಜನರ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ನಿರೀಕ್ಷೆ ಇಳಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಮಲಗಲು ಅವಕಾಶ ಸಿಕ್ಕ ರಾತ್ರಿಯೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ರುಚಿಯಿಲ್ಲದಿದ್ದರೆ, ನಾನೇ ಇಲ್ಲದಿದ್ದರೆ ಒಳ್ಳೆಯದು ಎಂದು ಅನ್ನಿಸತೊಡಗಿದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಬೇಕು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಸಂಖ್ಯೆ 14416. ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಫೋನ್ ಮಾಡಲು ಹುಚ್ಚು ಹಿಡಿದಿರಬೇಕಾಗಿಲ್ಲ. ಸುಸ್ತಾಗಿದ್ದರೂ ಸಾಕು.

ಕೊನೆಗೆ, ಇಷ್ಟು ಹೊತ್ತು ಇದು ನಮ್ಮ ಮನೆಯ ವಿಷಯವಲ್ಲ ಎಂದು ಕೇಳುತ್ತಿದ್ದವರಿಗೆ ಎರಡು ಮಾತು. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಇಂಥ ಮನೆ ಇದ್ದೇ ಇರುತ್ತದೆ. ಈ ಭಾನುವಾರ ನೋಡಿಕೊಂಡು ಬರೋಣ ಎಂದು ನೀವೂ ಅಂದುಕೊಂಡಿರಬಹುದು. ಹೋಗಿ. ಹಣ್ಣಿನ ಚೀಲದ ಬದಲು ಒಂದು ಡಬ್ಬಿ ಅನ್ನ, ಒಂದು ಪಾತ್ರೆ ಸಾರು ಒಯ್ಯಿರಿ. ಕಾಫಿ ಕುಡಿದೇ ಬಂದಿದ್ದೇನೆ ಎಂದು ಬಾಗಿಲಲ್ಲೇ ಹೇಳಿಬಿಡಿ. ರೋಗಿಗೆ ಯಾವ ಡಾಕ್ಟರು, ಯಾವ ಔಷಧಿ ಎಂದು ವಿಚಾರಣೆ ಮಾಡುವುದು ಬೇಡ. ನೀರಿನ ಚೊಂಬು ಎಲ್ಲಿದೆ, ಮಾತ್ರೆ ಯಾವಾಗ, ಮಗ್ಗುಲು ಯಾವಾಗ ಎಂದು ಕೇಳಿ ತಿಳಿದುಕೊಂಡು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತುಬಿಡಿ. ಆ ಮನೆಯಾಕೆಗೆ, ಎರಡು ಗಂಟೆ ಎಲ್ಲಾದರೂ ಹೋಗಿ ಬಾಮ್ಮ, ಇಲ್ಲಾ ಒಳಗೆ ಹೋಗಿ ಮಲಕ್ಕೋ ಎನ್ನಿ. ಮೊದಲ ಸಲ ಆಕೆ ಬೇಡ ಬೇಡ ಎನ್ನುತ್ತಾರೆ. ಎರಡನೇ ಸಲವೂ ಅನ್ನುತ್ತಾರೆ. ಕುರ್ಚಿ ಬಿಟ್ಟು ಏಳಬೇಡಿ.